ಮರಳಿ ಬಂದ ಮುಡಿ

ವರಾಹಮಿಹಿರನ ಹೆಸರು ಕೇಳಿದೊಡನೆ ಗ್ರಹಗತಿಯೂ ಮಳೆಯ ಲಕ್ಷಣಗಳೂ ನೆನಪಿಗೆ ಬರುವುದು ಸಹಜವಾದರೂ, ಆರನೆಯ ಶತಮಾನದ ಆ ಜ್ಯೋತಿರ್ವಿದನು ತನ್ನ ಬೃಹತ್ಸಂಹಿತೆಯ ಗಂಧಯುಕ್ತಿ ಎಂಬ ಸುಗಂಧ ತಯಾರಿಕೆಯ ಪ್ರಕರಣವನ್ನು ತೊಡಗಿರುವುದು ನರೆಗೂದಲನ್ನು ಕಪ್ಪಾಗಿಸುವ ಕ್ರಮದಿಂದ. ಕಬ್ಬಿಣದ ಪಾತ್ರೆಯಲ್ಲಿ ಹುಳಿರಸದೊಡನೆ ಹಾರಕದ ಅಕ್ಕಿಯನ್ನು ಬೇಯಿಸಿ, ಕಬ್ಬಿಣದ ಪುಡಿ ಕೂಡಿಸಿ ನುಣ್ಣಗೆ ಅರೆದು, ತಲೆಗೆ ಲೇಪಿಸಿ, ಹಸಿಯೆಲೆಗಳಿಂದ ಸುತ್ತಿ ಎರಡು ಪ್ರಹರ ಕಾಯಬೇಕು. ಬಳಿಕ ನೆಲ್ಲಿಕಾಯಿಯ ಲೇಪವಿತ್ತು ಮತ್ತೆರಡು ಪ್ರಹರ ಕಳೆದು ತೊಳೆದರೆ ಕೂದಲು ಕಪ್ಪಾಗುವುದೆಂಬುದು ಅವನ ಮತ. ಕೊನೆಗೆ ಕಬ್ಬಿಣದ ಮತ್ತು ಹುಳಿಯ ವಾಸನೆ ಹೋಗುವಂತೆ ಸುಗಂಧತೈಲಗಳಿಂದ ತಲೆಯನ್ನು ಉಪಚರಿಸಬೇಕೆಂಬುದನ್ನೂ ಅವನು ಮರೆತಿಲ್ಲ.

ಒಗರು ಕಬ್ಬಿಣದೊಡನೆ ಕೂಡಿದಲ್ಲಿ ಕಪ್ಪು ಹುಟ್ಟುತ್ತದೆ. ಅಳಲೆಕಾಯಿ ಮತ್ತು ಅನ್ನಭೇದಿಗಳಿಂದ ಹಿಂದಿನವರು ಮಸಿ ಮಾಡುತ್ತಿದ್ದುದೂ ಈ ಗುಣದ ಬಲದಿಂದಲೇ. ಮದರಂಗಿಯ ಪುಡಿಯನ್ನು ಚಹದ ಡಿಕಾಕ್ಷನ್‌ನಲ್ಲಿ ಕಲಸಿ, ಒಂದಿಷ್ಟು ನೆಲ್ಲಿಕಾಯಿ ಪುಡಿ ಬೆರೆಸಿ, ಇರುಳೆಲ್ಲ ಕಬ್ಬಿಣದ ಬಾಣಲೆಯಲ್ಲಿ ನೆನೆಯಿಡುವ ನಮ್ಮ ಮನೆಯ ಹೆಂಗಸರು ಗಂಧಯುಕ್ತಿಯನ್ನು ಓದಿದವರಲ್ಲವಾದರೂ ಆ ವಿದ್ಯೆಯ ಉತ್ತರಾಧಿಕಾರಿಗಳೇ ಸರಿ.

ಈ ತಾಳ್ಮೆಯ ವಿದ್ಯೆಗೆ ಪ್ರತಿಸ್ಪರ್ಧಿ ಬಂದದ್ದು ಯುರೋಪಿನ ಪ್ರಯೋಗಶಾಲೆಗಳಿಂದ. 1863ರಲ್ಲಿ ರಸಾಯನಜ್ಞ ಹಾಫ್‌ಮನ್ ವಿವರಿಸಿದ ಪ್ಯಾರಾಫೆನಿಲೀನ್‌ಡಯಮೀನ್ ಎಂಬ ದ್ರವ್ಯದ ಜಾತಿಯ ರಾಸಾಯನಿಕಗಳಿಂದ, 1907ರ ಸುಮಾರಿಗೆ ಪ್ಯಾರಿಸಿನ ಯೂಜೀನ್ ಶೂಲರ್ ಎಂಬ ತರುಣ ರಸಾಯನಜ್ಞನು ಕೇಶವರ್ಣವನ್ನು ಸಿದ್ಧಪಡಿಸಿ ಕ್ಷೌರಿಕರಿಗೆ ಮಾರತೊಡಗಿದನು. ಮದರಂಗಿಯು ಕೂದಲಿನ ಮೈಗೆ ಹೊಂದಿಕೊಂಡು ನಿಂತರೆ, ಈ ಹೊಸ ಬಣ್ಣವು ಅಮೋನಿಯದಿಂದ ಕೂದಲಿನ ಹೊರಪದರವನ್ನು ಸಡಿಲಿಸಿ ಒಳಹೊಕ್ಕು ನೆಲಸುತ್ತದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುವುದಾದರೂ, ಕೆಲವರ ಚರ್ಮವು ಅದನ್ನು ಸಹಿಸದೆ ಊದಿಕೊಂಡು ಉರಿಯುವುದುಂಟು.

ಬಣ್ಣವಿಡಲು ಕೂದಲೇ ಉಳಿಯದಂತೆ, ಅದನ್ನು ಬೇರಿನಿಂದಲೇ ಕಳಚುವ ಕ್ಯಾನ್ಸರ್ ಔಷಧಗಳ ಕಾಲ ಬಂದದ್ದು ಆನಂತರ. 1917ರ ರಣರಂಗದಲ್ಲಿ ಸೈನಿಕರನ್ನು ಬೇಯಿಸಿದ ಮಸ್ಟರ್ಡ್ ವಿಷಾನಿಲದ ಬಂಧುವಾದ ದ್ರವ್ಯವೊಂದನ್ನು 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಅರ್ಬುದರೋಗಿಯ ಮೇಲೆ ಪ್ರಯೋಗಿಸಿದರು. ಭೀಮಾವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡವು ಸಿದ್ಧಪಡಿಸಿದ ಅಮಿನಾಪ್ಟೆರಿನ್ ಎಂಬ ಔಷಧವು, ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರ ಕೈಯಲ್ಲಿ, ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ಕೆಲಕಾಲದ ಉಪಶಮನವನ್ನಾದರೂ ತಂದಿತು. ಈ ಔಷಧಗಳು ಶೀಘ್ರವಾಗಿ ಒಡೆದು ಬೆಳೆಯುವ ಜೀವಕಣಗಳನ್ನು ಅರಸಿ ಕೊಲ್ಲುತ್ತವೆ; ಕೂದಲಿನ ಬುಡದ ಕಣಗಳೂ ಅಂತಹವೇ ಆದುದರಿಂದ, ರೋಗದೊಡನೆ ಮುಡಿಯೂ ಹೋಗುತ್ತದೆ.

ಮುಡಿಯೊಡನೆ ಹೋಗುವುದು ಕೂದಲಷ್ಟೇ ಅಲ್ಲ. ವಿಧವೆಯ ತಲೆಯನ್ನು ಬೋಳಿಸಿ ಮೂಲೆಯಲ್ಲಿ ಕೂರಿಸಿದ ಸಮಾಜ ನಮ್ಮದು; ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಓದಿದವರಿಗೆ ಆ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿಕಿತ್ಸೆಗೊಳಗಾದ ಹೆಂಗಸು ಕನ್ನಡಿಯನ್ನು ಗೋಡೆಗೆ ತಿರುಗಿಸಿಡುವಾಗ ಆ ಹಳೆಯ ಅಪಮಾನದ ನೆರಳೂ ಅಲ್ಲಿ ಇಣುಕುತ್ತದೆ. ಆದ್ದರಿಂದ ಮರಳಿ ಮೊಳೆತ ಕೂದಲಿಗೆ ಬಣ್ಣವಿಡುವುದನ್ನು ಬಿನ್ನಾಣವೆಂದು ಯಾರೂ ಹಗುರಾಗಿ ಆಡಬಾರದು. ಅದು ವೈದ್ಯರ, ಸೂಜಿಗಳ ವಶದಲ್ಲಿದ್ದ ಮೈಯನ್ನು ಮತ್ತೆ ತನ್ನದೆಂದು ಕರೆದುಕೊಳ್ಳುವ ಕ್ರಿಯೆ.

ನನ್ನ ಚಿಕ್ಕಮ್ಮನ ಕ್ಯಾನ್ಸರ್ ಚಿಕಿತ್ಸೆ ಮುಗಿದು ಏಳು ತಿಂಗಳಾಗುವ ಹೊತ್ತಿಗೆ ತಲೆಯ ಮೇಲೆ ಎರಡಂಗುಲದಷ್ಟು ಬೂದುಬಣ್ಣದ ಗುಂಗುರು ಬೆಳೆದಿತ್ತು. ಹಿಂದೆ ಅವರದು ನೀಳವಾದ ಕಪ್ಪು ಜಡೆ. ಈಗ, ಸೀಗೆಕಾಯಿ ಉರಿಯುವುದೆಂದು ದಾಸವಾಳದ ಎಲೆಯ ಲೋಳೆಯಿಂದಲೇ ಮೃದುವಾಗಿ ತೊಳೆಯುತ್ತಿದ್ದರು. ವೈದ್ಯರ ಒಪ್ಪಿಗೆ ಪಡೆದು, ಕಪ್ಪು ಮೆಹಂದಿಯೆಂದು ಮಾರುವ ಪುಡಿಯಲ್ಲಿ ಪ್ಯಾರಾಫೆನಿಲೀನ್‌ಡಯಮೀನ್ ಬೆರೆತಿರಬಹುದೆಂದು ಅದನ್ನು ಬಿಟ್ಟು, ಹಿತ್ತಿಲ ಮದರಂಗಿಯನ್ನೇ ಒಣಗಿಸಿ ಪುಡಿಮಾಡಿಸಿದರು. ಮೊದಲು ಮೊಣಕೈಯ ಒಳಮಗ್ಗುಲಿಗೆ ಒಂದು ಬೊಟ್ಟು ಇಟ್ಟು ಎರಡು ದಿನ ಕಾದರು.

ಮೂರನೆಯ ಬೆಳಗ್ಗೆ ಕಬ್ಬಿಣದ ಬಾಣಲೆಯಲ್ಲಿ ನೆನೆದ ಮದರಂಗಿಯನ್ನು ತೆಗೆದು ಹಚ್ಚಿದ್ದಾಯಿತು. ಮಧ್ಯಾಹ್ನ ತೊಳೆದಾಗ ಬೂದುಗೂದಲು ಹದವಾದ ಕಂದುಬಣ್ಣಕ್ಕೆ ತಿರುಗಿತ್ತು. ವಾಸನೆ ಹೋಗಲೆಂದು ನಾನು ಮಲ್ಲಿಗೆಯೆಣ್ಣೆಯನ್ನು ತಂದರೆ ಅವರು ಬೇಡವೆಂದರು. ತಿಂಗಳುಗಟ್ಟಲೆ ಒಗ್ಗರಣೆಯ ಘಮವನ್ನೂ ತಾಳಲಾರದೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದವರು, ಕೆಂಪಾದ ಅಂಗೈಯನ್ನು ಮೂಗಿಗೆ ಹಿಡಿದು, “ಇರಲಿ ಬಿಡೇ, ಕಬ್ಬಿಣದ ವಾಸನೆ ಚೆನ್ನಾಗಿದೆ” ಎಂದರು.