ನಾಲ್ವರೂ ಒಟ್ಟಿಗೆ ತಪ್ಪುವುದು ಯಾವಾಗ? ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಎಸ್ಸೆಸ್ಸೆಲ್ಸಿ ಗುಂಪು ಅಧ್ಯಯನ ಕುರಿತು

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ನಮ್ಮ ಪ್ರೌಢಶಾಲೆಗಳಲ್ಲಿ ಎರಡು ಬಗೆಯ ಗುಂಪು ಅಧ್ಯಯನ ಕಾಣಿಸಿಕೊಳ್ಳುತ್ತದೆ. ಒಂದನ್ನು ಶಾಲೆಯೇ ಕಟ್ಟಿಕೊಡುತ್ತದೆ: ಚೆನ್ನಾಗಿ ಓದುವ ಒಬ್ಬರ ಸುಪರ್ದಿಗೆ ಹಿಂದುಳಿದ ನಾಲ್ಕೈದು ಮಂದಿ. ಇನ್ನೊಂದನ್ನು ಮಕ್ಕಳೇ ಮಾಡಿಕೊಳ್ಳುತ್ತಾರೆ: ಹೆಚ್ಚು ಕಡಿಮೆ ಒಂದೇ ಮಟ್ಟದ ಮೂರು ನಾಲ್ಕು ಮಂದಿ, ಹಾಸ್ಟೆಲಿನ ವರಾಂಡದಲ್ಲೋ ಊರ ಗುಡಿಯ ಜಗಲಿಯಲ್ಲೋ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಹರಡಿಕೊಂಡು ಕೂರುವುದು. ಮೊದಲನೆಯದಕ್ಕೆ ಹಾಜರಿ ಪುಸ್ತಕವಿದೆ, ಮೇಲ್ವಿಚಾರಣೆ ಇದೆ. ಎರಡನೆಯದನ್ನು ಹಿರಿಯರು ಅರ್ಧ ಹರಟೆ ಎಂದೇ ಎಣಿಸುತ್ತಾರೆ. ಗಣಿತದ ಮಟ್ಟಿಗೆ ಈ ಎಣಿಕೆ ತಲೆಕೆಳಗಾಗಿದೆ ಎಂಬುದು ಇಲ್ಲಿನ ವಾದ. ವಿಜ್ಞಾನದ ಮಾತು ಬೇರೆ.

ಎರಡೂ ಬಗೆಗೆ ಕನ್ನಡ ನಾಡಿನಲ್ಲೇ ಹಳೆಯ ದಾಖಲೆಗಳಿವೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆಂದು ಗೇರುಸೊಪ್ಪೆಯಿಂದ ಘಟ್ಟ ಹತ್ತಿ ಇಕ್ಕೇರಿಯತ್ತ ಹೊರಟಿದ್ದ. ದಾರಿಯ ಗುಡಿಯೊಂದರ ಮುಖಮಂಟಪದಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನಯವಾದ ಮರಳು ಹರಡಿ ಲೆಕ್ಕ ಕಲಿಯುತ್ತಿದ್ದುದನ್ನು ಕಂಡ. ಒಬ್ಬ ರಾಗವಾಗಿ ಪಾಠ ಹೇಳುತ್ತ ಬೆರಳಲ್ಲಿ ಬರೆಯುವನು. ಉಳಿದವರು ದನಿಗೂಡಿಸಿ ಅದನ್ನೇ ಬರೆಯುವರು. ಮೇಷ್ಟ್ರು ಅಲ್ಲಿರಲಿಲ್ಲ. ತಪ್ಪಿದರೆ ತಿದ್ದುವವರು ಯಾರು ಎಂದು ಆತ ಕೇಳಿದಾಗ, ನಾಲ್ವರೂ ಒಟ್ಟಿಗೆ ತಪ್ಪುವುದು ಸಾಧ್ಯವಿಲ್ಲ ಎಂಬರ್ಥದ ಉತ್ತರ ಬಂತು. ಆ ಹುಡುಗರ ಹೆಸರು ಉಳಿದಿಲ್ಲ. ಕಲಿಕೆಯ ಬಗ್ಗೆ ಅವರು ಆಡಿದ ಮಾತು ಉಳಿದಿದೆ. ಹೊಯ್ಸಳರ ಕಾಲದವನೆನ್ನಲಾಗುವ ಗಣಿತಜ್ಞ ರಾಜಾದಿತ್ಯ 'ವ್ಯವಹಾರ ಗಣಿತ'ವನ್ನು ಕನ್ನಡ ಪದ್ಯದಲ್ಲಿ ಕಟ್ಟಿದ್ದನ್ನು ನೆನೆದರೆ, ಲೆಕ್ಕವನ್ನು ಬಾಯಿಬಿಟ್ಟು ಹೇಳುವ ಈ ರೂಢಿಗೆ ಹೊಯ್ಸಳರ ಬೇಲೂರು, ಹಳೇಬೀಡಿನ ನೆಲದೊಂದಿಗೂ ನಂಟಿದೆ.

ಎರಡನೆಯ ದಾಖಲೆ ಬಳ್ಳಾರಿಯದು. ಮದ್ರಾಸ್ ಗವರ್ನರ್ ಥಾಮಸ್ ಮನ್ರೊ 1822ರಲ್ಲಿ ದೇಶಿ ಶಾಲೆಗಳ ಸಮೀಕ್ಷೆಗೆ ಆದೇಶಿಸಿದಾಗ, ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರಲ್ಲಿ ವರದಿ ಬರೆದ. ಜಿಲ್ಲೆಯಲ್ಲಿದ್ದ ಶಾಲೆಗಳು 533. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಮುಂದಿನ ಹಂತದ ಹುಡುಗರು ಹಿಂದಿನವರಿಗೆ ಕಲಿಸುತ್ತ ತಮ್ಮ ತಿಳಿವನ್ನೂ ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನು ಆತ ಮೆಚ್ಚಿಕೊಂಡ; ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎಂದ. ಆ ವೇಳೆಗೆ ಮದ್ರಾಸಿನಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡಿದ್ದ ಆಂಡ್ರ್ಯೂ ಬೆಲ್, 1797ರಲ್ಲಿ ಪುಸ್ತಕ ಪ್ರಕಟಿಸಿ, ಮಕ್ಕಳೇ ಮಕ್ಕಳಿಗೆ ಕಲಿಸುವ ಪದ್ಧತಿಗೆ ಪ್ರಚಾರ ಕೊಟ್ಟಿದ್ದ. ಇಂದು ಶಾಲೆಗಳು ಕಟ್ಟಿಕೊಡುವ ಗುಂಪು ಈ ಬಳ್ಳಾರಿ ಮಾದರಿಯದು. ಇದರಿಂದ ಕಲಿಸುವವನಿಗೂ ಲಾಭವಿದೆ ಎಂಬ ಸೂಚನೆ ಕ್ಯಾಂಬೆಲ್‌ನ ಮೆಚ್ಚುಗೆಯಲ್ಲೇ ಇದೆ. ನಮ್ಮಲ್ಲಿ ಅದನ್ನು ಅಷ್ಟಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗಣಿತದಲ್ಲಿ ಸಮಾನರ ಗುಂಪು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ವರ್ಗಸಮೀಕರಣ ಸಾಕು: 2x² − 5x + 3 = 0. ಮಧ್ಯದ ಪದವನ್ನು ಒಡೆದರೆ 2x² − 2x − 3x + 3. ಮೊದಲ ಜೋಡಿಯಿಂದ 2x(x − 1) ಬರುತ್ತದೆ. ಎರಡನೆಯದರಲ್ಲಿ ಋಣಚಿಹ್ನೆ ಹೊರಗೆ ತೆಗೆಯುವಾಗ −3(x + 1) ಎಂದು ಬರೆಯುವವರು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಪಕ್ಕದಲ್ಲಿ ಕೂತವಳಿಗೆ ಉತ್ತರ ಗೊತ್ತಿರಬೇಕಿಲ್ಲ. ಎರಡು ಆವರಣಗಳು ಒಂದೇ ಆಗಿಲ್ಲ ಎಂದು ಕಂಡರೆ ಸಾಕು, "ಏಯ್, ಬ್ರ್ಯಾಕೆಟ್ ಸೇರ್ತಿಲ್ಲ ಕಣೇ" ಅನ್ನುತ್ತಾಳೆ. ತಿದ್ದಿದ ಮೇಲೆ x = 1, x = 3/2. ಬೆಲೆ ಹಾಕಿ ನೋಡಿದರೆ 2 − 5 + 3 = 0. ತಪ್ಪನ್ನು ಲೆಕ್ಕವೇ ಹೊರಗೆಡಹುತ್ತದೆ; ಜಾಣರೊಬ್ಬರು ಮುಂದೆ ಕೂತು ಒಪ್ಪಿಗೆ ಕೊಡಬೇಕಿಲ್ಲ. ಬದಲಿಗೆ ಅಂಥವರು ಕೂತರೆ ಉಳಿದವರು ಬ್ರ್ಯಾಕೆಟ್ ಬಿಟ್ಟು ಅವರ ಮುಖ ನೋಡತೊಡಗುತ್ತಾರೆ. ಇತ್ತೀಚಿನ ವರ್ಷಗಳ ಗಣಿತ ಪತ್ರಿಕೆ 38 ಪ್ರಶ್ನೆಗಳದು, 80 ಅಂಕದ್ದು. ಎರಡು ಅಂಕ ಮತ್ತು ಮೇಲ್ಪಟ್ಟ ಪ್ರಶ್ನೆಗಳಿಗೆ ಹಂತವಾರು ಅಂಕವಿದೆ. ಹಂತಗಳನ್ನು ಗಟ್ಟಿಯಾಗಿ ಹೇಳಿಕೊಂಡು ಬಿಡಿಸಿದ ಅಭ್ಯಾಸ ಅಲ್ಲಿ ನೇರವಾಗಿ ಕೈಹಿಡಿಯುತ್ತದೆ.

ವಿಜ್ಞಾನಕ್ಕೆ ಬಂದರೆ ಇಕ್ಕೇರಿ ದಾರಿಯ ಹುಡುಗರ ಮಾತು ಅಲುಗಾಡುತ್ತದೆ. 20 ಸೆಂ.ಮೀ. ಸಂಗಮ ದೂರದ ನಿಮ್ನ ದರ್ಪಣದ ಮುಂದೆ 30 ಸೆಂ.ಮೀ. ದೂರದಲ್ಲಿ ವಸ್ತುವಿದೆ, ಪ್ರತಿಬಿಂಬ ಎಲ್ಲಿ? ಚಿಹ್ನೆಗಳ ನಿಯಮದಂತೆ ವಸ್ತುದೂರವೂ ಸಂಗಮ ದೂರವೂ ಋಣ. ಉತ್ತರ −60, ಅಂದರೆ ದರ್ಪಣದ ಮುಂದೆ 60 ಸೆಂ.ಮೀ. ವಸ್ತುದೂರಕ್ಕೆ ಋಣ ಹಾಕಿ ಸಂಗಮ ದೂರಕ್ಕೆ ಮರೆತರೆ? ಲೆಕ್ಕ ಎಲ್ಲೂ ಎಡವುವುದಿಲ್ಲ. 12 ಎಂಬ ಚೊಕ್ಕ ಉತ್ತರ ಬರುತ್ತದೆ. ನಾಲ್ವರೂ ಒಂದೇ ನೋಟ್ಸಿನಿಂದ ಓದಿದ್ದರೆ ನಾಲ್ವರಿಗೂ 12 ಬಂದು, ತಾಳೆಯಾಯಿತೆಂದು ಪುಟ ತಿರುವುತ್ತಾರೆ. ಇಲ್ಲಿ ಬೇಕಾದದ್ದು ಲೆಕ್ಕದ ಹೊರಗಿನ ಸಾಕ್ಷಿ. ಒಬ್ಬರು ಲೆಕ್ಕ ಮಾಡುವಾಗ ಇನ್ನೊಬ್ಬರು ರೇಖಾಚಿತ್ರ ಬರೆದರೆ, ವಸ್ತು ಸಂಗಮ ಬಿಂದುವಿಗೂ ವಕ್ರತಾ ಕೇಂದ್ರಕ್ಕೂ ನಡುವೆ ಇರುವುದರಿಂದ ಪ್ರತಿಬಿಂಬ ವಕ್ರತಾ ಕೇಂದ್ರದ ಆಚೆ, ತಲೆಕೆಳಗಾಗಿ, ದೊಡ್ಡದಾಗಿ ಬೀಳುವುದು ಕಾಣುತ್ತದೆ. ಆಗ 12 ನಿಲ್ಲುವುದಿಲ್ಲ.

ಫಲಿತಾಂಶದ ಅಂಕಿಗಳಿಂದ ಇದನ್ನೆಲ್ಲ ಸಾಧಿಸಹೊರಟರೆ ಕಷ್ಟ. 2019ರ ಎಸ್ಸೆಸ್ಸೆಲ್ಸಿಯಲ್ಲಿ, ಈ ಊರುಗಳಿರುವ ಹಾಸನ ಜಿಲ್ಲೆ ಶೇ. 89.33ರೊಂದಿಗೆ ರಾಜ್ಯಕ್ಕೆ ಮೊದಲಾಯಿತು. ಶ್ರೇಯ ಯಾರಿಗೆ ಎಂಬ ರಾಜಕೀಯ ಜಗಳವೂ ಆಯಿತು. ಶ್ರೇಯವನ್ನು ಗುಂಪು ಕಲಿಕೆಗೆ ಕೊಡಲೂ ಒಂದು ನೆಪವಿದೆ: ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಮೊಳೆತ, ಚಿಕ್ಕ ಮಕ್ಕಳು ಗುಂಪಾಗಿ ಕಲಿಯುವ ನಲಿ-ಕಲಿ ಪದ್ಧತಿ 2009-10ರಲ್ಲಿ ಸರ್ಕಾರಿ ಕನ್ನಡ ಶಾಲೆಗಳಿಗೆ ರಾಜ್ಯವ್ಯಾಪಿಯಾಗಿ ಬಂದಿತ್ತು. ಆ ವರ್ಷ ಒಂದನೇ ತರಗತಿಗೆ ಸೇರಿ, ಶಿಕ್ಷಕರ ಬೆಂಬಲದ ಗುಂಪು, ಗೆಳೆಯರ ಬೆಂಬಲದ ಗುಂಪು ಎಂದು ವೃತ್ತಾಕಾರವಾಗಿ ಕೂತು ಕಲಿತ ಮಕ್ಕಳೇ 2019ರಲ್ಲಿ ಹತ್ತನೇ ತರಗತಿ ಬರೆದವರು. ಆಕರ್ಷಕ ಹೊಂದಿಕೆ, ನಿಜ. ಆದರೆ ನಲಿ-ಕಲಿ ಎಲ್ಲ ಜಿಲ್ಲೆಗಳಲ್ಲೂ ಇದ್ದುದರಿಂದ ಹಾಸನದ ಮುನ್ನಡೆಗೆ ಅದು ಕಾರಣವಾಗಲಾರದು.

ಅಂಕಿಗಳಿಗಿಂತ ಹೆಚ್ಚು ಗಮನ ಬೇಡುವುದು ಯಾರು ಯಾರ ಜೊತೆ ಕೂರಬಲ್ಲರು ಎಂಬ ಸಂಗತಿ. ಹಳೇಬೀಡು ಹೋಬಳಿಯ ಹಳ್ಳಿಗೆ ಸಂಜೆಯ ಬಸ್ಸು ಹಿಡಿಯಲೇಬೇಕಾದ ಹುಡುಗಿಗೆ ಶಾಲೆ ಬಿಟ್ಟ ಮೇಲಿನ ಗುಂಪು ಸಿಗುವುದಿಲ್ಲ. ಅವಳ ಪಾಲಿಗೆ ಗುಂಪು ಎಂದರೆ ಅದೇ ಬಸ್ಸಿನ ಅದೇ ತರಗತಿಯವರು, ಅಂದರೆ ಅದೇ ನೋಟ್ಸಿನವರು. ಅರಸೀಕೆರೆ, ಬೇಲೂರು ಪಟ್ಟಣಗಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯಗಳ ಸ್ಥಿತಿ ಬೇರೆ. ಅಲ್ಲಿ ಬೇರೆ ಬೇರೆ ಪ್ರೌಢಶಾಲೆಗಳ ಮಕ್ಕಳು ಒಂದೇ ಸೂರಿನಡಿ ಸೇರುತ್ತಾರೆ. ಒಬ್ಬನ ಮೇಷ್ಟ್ರು ಬೆಳಕಿನ ಪಾಠವನ್ನು ಚಿತ್ರದಿಂದ ಶುರುಮಾಡಿದ್ದರೆ, ಇನ್ನೊಬ್ಬನ ಮೇಷ್ಟ್ರು ಸೂತ್ರದಿಂದ ಶುರುಮಾಡಿರಬಹುದು. ನಾಲ್ವರೂ ಒಟ್ಟಿಗೆ ತಪ್ಪದಿರಲು ಬೇಕಾದ ಷರತ್ತು ಅಲ್ಲಿ ತಾನಾಗಿ ಒದಗಿದೆ. ಹಾಸ್ಟೆಲುಗಳಲ್ಲಿ ರಾತ್ರಿ ಓದಿನ ಗುಂಪುಗಳನ್ನು ಶಾಲೆವಾರು ವಿಂಗಡಿಸಿ ಕೂರಿಸಿದರೆ ಆ ಅನುಕೂಲವೇ ಹೋಗುತ್ತದೆ. ಗಣಿತಕ್ಕೆ ಅದರಿಂದ ಅಷ್ಟು ನಷ್ಟವಿಲ್ಲ, ವಿಜ್ಞಾನಕ್ಕಿದೆ.