ಭದ್ರಾವತಿ: ಹೊಳೆಯ ಹೆಸರು, ಕಾರ್ಖಾನೆಯ ಅರ್ಥ

ಶಿವಮೊಗ್ಗ ಜಿಲ್ಲೆಯ ಭದ್ರಾವತಿ ಎಂಬ ಹೆಸರನ್ನು ಬಿಡಿಸಹೊರಟವರಿಗೆ ವ್ಯಾಕರಣವು ಎರಡು ದಾರಿಗಳನ್ನು ತೋರಿಸುತ್ತದೆ. 'ಉಳ್ಳದ್ದು' ಎಂಬರ್ಥದ 'ವತ್' ಪ್ರತ್ಯಯದ ಸ್ತ್ರೀಲಿಂಗ ರೂಪವಾದ 'ವತಿ'ಯು 'ಭದ್ರ' ಎಂಬ ಗುಣವಾಚಕಕ್ಕೆ ಸೇರಿದೆಯೆಂದು ಹಿಡಿದರೆ 'ಮಂಗಳವುಳ್ಳದ್ದು' ಎಂದೂ, 'ಭದ್ರಾ' ಎಂಬ ಹೊಳೆಯ ಹೆಸರಿಗೇ ಸೇರಿದೆಯೆಂದು ಹಿಡಿದರೆ 'ಭದ್ರೆಯನ್ನು ಪಡೆದ ಊರು' ಎಂದೂ ಅರ್ಥವಾಗುತ್ತದೆ. ನಡುವಿನ ದೀರ್ಘಸ್ವರವು ಎರಡನೆಯ ಅರ್ಥದ ಪರವಾಗಿ ಸಾಕ್ಷಿ ನುಡಿಯುವಂತೆ ತೋರಿದರೂ ಆ ಸಾಕ್ಷ್ಯವನ್ನು ಪೂರ್ತಿ ನಂಬುವಂತಿಲ್ಲ. ಏಕೆಂದರೆ ಅಮರ, ಶರ ಎಂಬ ಹ್ರಸ್ವಾಂತ ಪದಗಳು ಕೂಡ ಅಂಕಿತನಾಮಗಳಾಗುವಾಗ ಅಮರಾವತಿ, ಶರಾವತಿ ಎಂದು ದೀರ್ಘವನ್ನು ಪಡೆಯುತ್ತವೆ.

ಈ ಹೆಸರು ಕಾವ್ಯದಲ್ಲಿಯೂ ಇದೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಧರ್ಮರಾಯನ ಅಶ್ವಮೇಧಕ್ಕೆ ಬೇಕಾದ ಕುದುರೆ ಇರುವುದು ಯೌವನಾಶ್ವನ ರಾಜಧಾನಿಯಾದ ಭದ್ರಾವತಿಯಲ್ಲಿ. ಭೀಮನು ವೃಷಕೇತು, ಮೇಘನಾದರೊಡನೆ ಅಲ್ಲಿಗೆ ಹೋಗಿ ಅದನ್ನು ತರುತ್ತಾನೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ ಹಿಂದೆ ಭಾಂದಕ ಎನಿಸಿಕೊಂಡಿದ್ದ ಇನ್ನೊಂದು ಭದ್ರಾವತಿಯಿದ್ದು, ಆ ಪುರಾಣದ ನಗರ ತಮ್ಮದೇ ಎಂದು ಅಲ್ಲಿನವರೂ ಹೇಳಿಕೊಳ್ಳುತ್ತಾರೆ. ಅದು ಜೈನರ ತೀರ್ಥಕ್ಷೇತ್ರವೂ ಹೌದು, ಮದ್ದುಗುಂಡು ಕಾರ್ಖಾನೆ ಮತ್ತು ಕಲ್ಲಿದ್ದಲ ಗಣಿಗಳ ನೆರೆಯ ಊರೂ ಹೌದು. ಪುರಾಣದ ಹೆಸರು ಹೊತ್ತ ಎರಡು ಊರುಗಳಿಗೂ ಕೈಗಾರಿಕೆ ಒದಗಿಬಂದದ್ದು ಕೇವಲ ಆಕಸ್ಮಿಕ, ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಕಾಗಿಲ್ಲ.

ಶಿವಮೊಗ್ಗ ಸೀಮೆಯ ಊರಿಗೆ ಈ ಹೆಸರು ಬಂದದ್ದು ತಡವಾಗಿ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವ ಈ ಸ್ಥಳವು ಹಳೆಯ ಮೈಸೂರಿನ ದಾಖಲೆಗಳಲ್ಲಿ ಬೆಂಕಿಪುರ. ಮುಂದೆ ಇಲ್ಲಿ ಊದುಕುಲುಮೆ, ಅಂದರೆ ಬಿಸಿಗಾಳಿಯನ್ನು ಒತ್ತಿ ಊದಿ ಅದಿರನ್ನು ಕರಗಿಸುವ ಎತ್ತರದ ಕುಲುಮೆ, ಉರಿದದ್ದರಿಂದ ಹೆಸರು ಭವಿಷ್ಯ ನುಡಿದಿತ್ತೆಂದು ಹೇಳುವ ಆಸೆ ಎಂಥವರಿಗೂ ಆಗುತ್ತದೆ. ಆದರೆ ಇಲ್ಲಿನ 'ಬೆಂಕಿ'ಗೂ ಉರಿಗೂ ಸಂಬಂಧವಿರುವಂತಿಲ್ಲ. ವಂಕಿಪುರ, ವೆಂಕಿಪುರ ಎಂಬ ರೂಪಗಳೂ ಬಳಕೆಯಲ್ಲಿದ್ದವು. ವಂಕಿಯೆಂಬ ಋಷಿಯಿಂದ ಊರಿಗೆ ಆ ಹೆಸರಾಯಿತೆಂಬುದು ಸ್ಥಳದ ಐತಿಹ್ಯ. 'ವನ'ವು 'ಬನ'ವಾದಂತೆ, 'ವರ್ಣ'ವು 'ಬಣ್ಣ'ವಾದಂತೆ, ಮೊದಲಕ್ಷರದ ವಕಾರ ಬಕಾರವಾಗುವುದು ಕನ್ನಡದಲ್ಲಿ ಸಹಜ. ಹಾಗಾದ ಮೇಲೆ ಕಿವಿಗೆ ಪರಿಚಿತವಾದ 'ಬೆಂಕಿ'ಯ ಕಡೆಗೆ ಹೆಸರು ಜಾರುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ. ಈ ಬಗೆಯ ಜನಪದ ನಿರುಕ್ತಿ, ಎಂದರೆ ಅರ್ಥ ಮರೆತ ಹೆಸರಿಗೆ ಜನರು ತಿಳಿದ ಪದವೊಂದನ್ನು ಹೊಂದಿಸಿಕೊಳ್ಳುವ ಕ್ರಮ, ಎಲ್ಲ ಸೀಮೆಗಳ ಊರ ಹೆಸರುಗಳಲ್ಲಿಯೂ ಕಾಣಿಸುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಕಾರ್ಖಾನೆಗೆ ಅದಿರನ್ನು ಕೊಟ್ಟ ಬೆಟ್ಟದ ಹೆಸರು ಕೆಮ್ಮಣ್ಣುಗುಂಡಿ. ಕಬ್ಬಿಣ ಬೆರೆತ ಕೆಂಪು ಮಣ್ಣಿನ ಸುದ್ದಿಯನ್ನು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಇಷ್ಟಾದರೂ ಕನ್ನಡಿಗರ ಕಿವಿಯಲ್ಲಿ ಭದ್ರಾವತಿ ಎಂಬುದು 'ಮಂಗಳ'ವೆಂದೇನೂ ಧ್ವನಿಸುವುದಿಲ್ಲ. ಸಂಸ್ಕೃತದ 'ಭದ್ರ'ಕ್ಕೆ ಶುಭ, ಸೌಮ್ಯ ಎಂಬವು ಮುಖ್ಯಾರ್ಥಗಳಾಗಿದ್ದು, ಬಂಗಾಳಿಯಲ್ಲಿ ಅದು 'ಭದ್ರಲೋಕ'ದ ಸಭ್ಯತೆಯ ಕಡೆಗೆ ತಿರುಗಿತು; ಪಂಚಾಂಗದಲ್ಲಿ ಅಶುಭವೆಂದು ಬಿಡುವ ವಿಷ್ಟಿ ಕರಣಕ್ಕೂ 'ಭದ್ರಾ' ಎಂದೇ ಹೆಸರು. ಕನ್ನಡವಾದರೋ ಆ ಪದವನ್ನು ಬಾಗಿಲಿಗೆ, ಬೀಗಕ್ಕೆ, ಗಂಟಿಗೆ ಕಟ್ಟಿ, ಅಲುಗಾಡದ್ದು, ಕಾಪಾಡುವಂಥದ್ದು ಎಂಬ ಅರ್ಥದಲ್ಲಿ ನಿಲ್ಲಿಸಿತು. ಭದ್ರವಾಗಿ ಇಡು, ಭದ್ರಪಡಿಸು, ಭದ್ರಕೋಟೆ, ಭದ್ರತಾ ಠೇವಣಿ, ಸಾಮಾಜಿಕ ಭದ್ರತೆ ಎಂಬ ಬಳಕೆಗಳಲ್ಲಿ ಮಂಗಳದ ಸೋಂಕು ಉಳಿದಿಲ್ಲ.

ಊರಿನ ಹೆಸರಿಗೆ ಈ ಕನ್ನಡದ ಅರ್ಥ ಗಟ್ಟಿಯಾಗಿ ಅಂಟಿದ್ದು ಕಾರ್ಖಾನೆಯ ದೆಸೆಯಿಂದ. 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಇಲ್ಲಿ ಉತ್ಪಾದನೆ ತೊಡಗಿದಾಗ ಕಲ್ಲಿದ್ದಲು ದೂರದಲ್ಲಿದ್ದುದರಿಂದ, ಮಲೆನಾಡಿನ ಕಟ್ಟಿಗೆಯನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲು ಪಡೆಯುವ, ಜೊತೆಗೆ ಹೊರಡುವ ಆವಿಯಿಂದ ಮರದ ಮದ್ಯಸಾರ, ಟಾರು ಮೊದಲಾದವನ್ನು ಇಳಿಸಿಕೊಳ್ಳುವ ಕ್ರಮವನ್ನು ಅನುಸರಿಸಲಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದುಡಿದರು. 1970ರ ದಶಕದಲ್ಲಿ ಕಾರ್ಖಾನೆಗೆ ಅವರ ಹೆಸರೇ ಬಂದು, 'ವಿಐಎಸ್‌ಎಲ್' ಎಂಬ ಅಕ್ಷರಗುಚ್ಛ ರೂಢಿಗೆ ಬಿತ್ತು. ಇದೇ ಊರಿನ ಮೈಸೂರು ಕಾಗದ ಕಾರ್ಖಾನೆ 'ಎಂಪಿಎಂ' ಆಯಿತು. ಇವೆರಡರಲ್ಲಿ ಒಂದಕ್ಕೆ ಸೇರಿದರೆ ನಿವೃತ್ತಿಯವರೆಗೆ ಸಂಬಳ, ವಸತಿಗೃಹ, ಆಸ್ಪತ್ರೆಗಳ ಆಸರೆಯಿರುವ 'ಭದ್ರವಾದ ನೌಕರಿ' ದೊರೆಯಿತೆಂದು ಬಗೆದ ತಲೆಮಾರುಗಳಿಗೆ ಊರಿನ ಹೆಸರನ್ನು ಬಿಡಿಸಲು ವ್ಯಾಕರಣ ಬೇಕಿರಲಿಲ್ಲ. ಪತ್ರಿಕೆಗಳು 'ಉಕ್ಕಿನ ನಗರಿ' ಎಂಬ ಬಿರುದನ್ನು ಕೊಟ್ಟವು. ಕಾಗದಕ್ಕೆ ಅಂಥ ಬಿರುದು ಸಿಗದಿದ್ದುದು ತುಸು ಅನ್ಯಾಯವೇ ಸರಿ.

ಆ ಅರ್ಥವೀಗ ಸಡಿಲವಾಗಿದೆ. ಉಕ್ಕಿನ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು, 2015ರ ಹೊತ್ತಿಗೆ ಕಾಗದದ ಯಂತ್ರಗಳು ನಿಂತವು, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಅದರ ನೂರನೆಯ ವರ್ಷವಾದ 2023ರಲ್ಲೇ ಹೊರಬಿದ್ದು, ಅದರ ವಿರುದ್ಧ ಕಾರ್ಮಿಕರು ಬೀದಿಗಿಳಿದರು. ಕಾಯಂ ನೌಕರರಿಗಿಂತ ಗುತ್ತಿಗೆ ಕಾರ್ಮಿಕರ ಪಾಡು ಆಗ ಮುನ್ನೆಲೆಗೆ ಬಂದದ್ದು 'ಭದ್ರ' ಎಂಬ ಪದವು ಎಲ್ಲರಿಗೂ ಸಮನಾಗಿ ಅನ್ವಯಿಸಿರಲಿಲ್ಲವೆಂಬುದನ್ನೂ ಬಯಲಿಗೆ ತಂದಿತು.

ಬರಹದಲ್ಲಿ ಮಾತ್ರ ಹೆಸರಿಗೆ ಚ್ಯುತಿ ಬಂದಿಲ್ಲ. 2014ರಲ್ಲಿ ನೆರೆಯ 'ಶಿಮೊಗ' ಅಧಿಕೃತವಾಗಿ ಶಿವಮೊಗ್ಗವಾದಾಗ ಭದ್ರಾವತಿಗೆ ತಿದ್ದುಪಡಿ ಬೇಕಾಗಲಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ತಕಾರಕ್ಕೆ 'ಎಚ್' ಅಕ್ಷರ ಸೇರಿಸಬೇಕೇ ಬೇಡವೇ ಎಂಬಷ್ಟೇ ಗೊಂದಲ. ಆಡುಮಾತಿನಲ್ಲಿ ಮಹಾಪ್ರಾಣ ಕಳೆದು 'ಬದ್ರಾವತಿ', ಬೇಗ ನುಡಿದರೆ 'ಬದ್ರಾವ್ತಿ'. ಊರೊಳಗೆ ಆ ಹೆಸರೂ ಅಪರೂಪ. ಅಲ್ಲಿ ನಡೆಯುವುದು ಓಲ್ಡ್ ಟೌನ್, ನ್ಯೂ ಟೌನ್, ಪೇಪರ್ ಟೌನ್, ಜನ್ನಾಪುರ, ಹೊಸಮನೆ ಎಂಬ ಬಿಡಿ ಹೆಸರುಗಳು.