ಎಚ್ಚೆನ್ ಕೇಳಿದ ಕುಂಬಳಕಾಯಿ

ಸುಮಾರು ಐವತ್ತು ವರ್ಷದ ಹಿಂದಿನ ಒಂದು ವಾಗ್ವಾದದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಅದರಲ್ಲಿ ಗೆದ್ದವರು ಯಾರು ಅಂತ ಜನ ಈಗಲೂ ಕೇಳುತ್ತಾರೆ. ನನಗೆ ಅನ್ನಿಸುವುದು, ಆ ವಾದ ನಡೆಯಲೇ ಇಲ್ಲ. ಅದರ ಸುತ್ತ ಬೇರೆ ಹತ್ತು ವಾದ ನಡೆದವು, ಅಷ್ಟೇ.

1976ನೇ ಇಸವಿ. ತುರ್ತು ಪರಿಸ್ಥಿತಿಯ ಕಾಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಡಾ. ಎಚ್. ನರಸಿಂಹಯ್ಯ. ಬಸವನಗುಡಿ ನ್ಯಾಷನಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ಎಲ್ಲರ ಬಾಯಲ್ಲೂ ಎಚ್ಚೆನ್. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಡಾಕ್ಟರೇಟ್ ಮಾಡಿ ಬಂದರೂ ಖಾದಿ ಮತ್ತು ಗಾಂಧಿ ಟೋಪಿ ಬಿಡಲಿಲ್ಲ, ಮದುವೆಯಾಗಲಿಲ್ಲ, ಹಾಸ್ಟೆಲ್ಲಿನ ಕೋಣೆಯಲ್ಲೇ ಬದುಕು ಕಳೆದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದವರೂ ಇವರೇ.

ಎಚ್ಚೆನ್ ಆ ವರ್ಷ ವಿಶ್ವವಿದ್ಯಾಲಯದ ವತಿಯಿಂದ ಒಂದು ಸಮಿತಿ ಮಾಡಿದರು. ಪವಾಡಗಳನ್ನೂ 'ಪರೀಕ್ಷಿಸಬಹುದಾದ' ಇತರ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿ. ಆ 'ಪರೀಕ್ಷಿಸಬಹುದಾದ' ಅನ್ನುವ ಮಾತನ್ನು ಸ್ವಲ್ಪ ಗಮನಿಸಿ. ದೇವರಿದ್ದಾನೋ ಇಲ್ಲವೋ, ಪುನರ್ಜನ್ಮ ಉಂಟೋ ಇಲ್ಲವೋ ಎಂಬುದನ್ನು ಅವರು ಮುಟ್ಟಲಿಲ್ಲ. ಕಣ್ಣಿಗೆ ಕಾಣುವಂತೆ ನಡೆಯುತ್ತದೆ ಅಂತ ಯಾವುದನ್ನು ಹೇಳುತ್ತಾರೋ, ಅದನ್ನು ಕಣ್ಣೆದುರು ನೋಡೋಣ ಅಂದರು. ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆ ಎಂದು ಹೆಸರಾಗಿದ್ದ ಒಬ್ಬ ಬಾಲಕನನ್ನು ಪರೀಕ್ಷಿಸಿ, ಅದು ಕೈಚಳಕ ಎಂದು ಸಮಿತಿ ಬಯಲು ಮಾಡಿತು.

ಆದರೆ ದೊಡ್ಡ ಸುದ್ದಿಯಾದದ್ದು ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಬರೆದ ಪತ್ರಗಳು. ಗೌರಿಬಿದನೂರು ದಾಟಿದರೆ ಹಿಂದೂಪುರ, ಅದರಾಚೆ ಪುಟ್ಟಪರ್ತಿ. ಒಂದೇ ಬರಗಾಲದ ಸೀಮೆಯವರು ಇಬ್ಬರೂ. ವಿಭೂತಿ, ಉಂಗುರ, ಸರ ಇವೆಲ್ಲ ಗಾಳಿಯಿಂದ ಬರುತ್ತವೆ ಅನ್ನುತ್ತಾರೆ, ಅದನ್ನು ಸಮಿತಿಯ ಮುಂದೆ ತೋರಿಸಿ ಅಂತ ಎಚ್ಚೆನ್ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ಅಂಗೈಯಲ್ಲಿ ಅಡಗುವ ವಸ್ತುಗಳೇ ಯಾಕೆ, ಒಂದು ಕುಂಬಳಕಾಯಿ ಬರಿಸಲಿ ನೋಡೋಣ ಅಂತ ಅವರು ಕೇಳಿದ್ದು ಕರ್ನಾಟಕದಲ್ಲಿ ಮನೆಮಾತಾಯಿತು.

ಬಾಬಾ ಅವರ ನಿಲುವು ಆಮೇಲೆ ಸಂದರ್ಶನಗಳಲ್ಲಿ, ಪ್ರವಚನಗಳಲ್ಲಿ ಬಂತು. ಪ್ರಶ್ನೆ ಕೇಳಿದ ರೀತಿಯೇ ಸರಿಯಿಲ್ಲ, ವಿಜ್ಞಾನದ ವ್ಯಾಪ್ತಿ ಇಂದ್ರಿಯಗಳಿಗೆ ಎಟುಕುವಷ್ಟು ಮಾತ್ರ, ಅಧ್ಯಾತ್ಮ ಅದರಾಚೆಯದು ಎಂಬುದು ಅದರ ಸಾರಾಂಶ. ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿ ಚರ್ಚೆ ನಡೆಯಿತು. 1977ರಲ್ಲಿ ಎಚ್ಚೆನ್ ಅವಧಿ ಮುಗಿಯಿತು, ಆ ಆಗಸ್ಟಿನಲ್ಲಿ ಸಮಿತಿಯೂ ವಿಸರ್ಜನೆಯಾಯಿತು.

ಕೊಂಡಾಪುರದಲ್ಲಿ ಮನೆ ಮಾಡಿ ಇಪ್ಪತ್ತು ವರ್ಷ ದಾಟಿತು. ಇಲ್ಲಿ ಬೊಟಾನಿಕಲ್ ಗಾರ್ಡನ್ ಕಡೆ ವಾಕಿಂಗ್ ಬರುವ ನಮ್ಮ ಕನ್ನಡದವರಲ್ಲಿ ರಾಯಚೂರಿನವರಿದ್ದಾರೆ, ಕಲಬುರಗಿಯವರಿದ್ದಾರೆ, ಬೆಂಗಳೂರಿನವರೂ ಇದ್ದಾರೆ. ಎಚ್ಚೆನ್ ವಿಷಯ ಎತ್ತಿದರೆ ಏನು ಬರುತ್ತದೆ ಅಂತ ನನಗೆ ಬಾಯಿಪಾಠವಾಗಿದೆ. "ಅನಂತಪುರದ ಹಳ್ಳಿಗಳಿಗೆ ಕುಡಿಯೋ ನೀರು ಕೊಟ್ಟವರು ಯಾರ್ರೀ?" "ಪುಟ್ಟಪರ್ತಿ ಆಸ್ಪತ್ರೇಲಿ ನಮ್ಮ ಭಾವನಿಗೆ ಒಂದು ರೂಪಾಯಿ ತಗೊಳ್ದೆ ಹಾರ್ಟ್ ಆಪರೇಷನ್ ಮಾಡಿದ್ರು." "ಬೇರೆ ಧರ್ಮದೋರನ್ನ ಯಾಕೆ ಕೇಳ್ಲಿಲ್ಲ?" "ಯೂನಿವರ್ಸಿಟಿಗೆ ಬೇರೆ ಕೆಲಸ ಇರ್ಲಿಲ್ವಾ?" ಆಮೇಲೆ ಮಾತು ರಾಜಕೀಯಕ್ಕೆ ಹೋಗುತ್ತದೆ, ಅಲ್ಲಿಂದ ಮಾಧಾಪುರದ ಟ್ರಾಫಿಕ್ಕಿಗೆ.

ಇವು ಸುಳ್ಳು ಮಾತುಗಳಲ್ಲ, ನೋಡಿ. ಆಸ್ಪತ್ರೆ ನಿಜ, ಅದು 1991ರಲ್ಲಿ ಶುರುವಾಯಿತು. ನೀರೂ ನಿಜ. ಬೇರೆ ಧರ್ಮದ ಪವಾಡಗಳನ್ನು ಕೇಳಬಾರದೇಕೆ ಅನ್ನುವುದು ಒಳ್ಳೆಯ ಪ್ರಶ್ನೆಯೇ. ತೊಂದರೆ ಏನೆಂದರೆ ಇವು ಯಾವುವೂ 'ಉಂಗುರ ಎಲ್ಲಿಂದ ಬಂತು?' ಅನ್ನುವುದಕ್ಕೆ ಉತ್ತರವಲ್ಲ. ಸುಳ್ಳನ್ನಾದರೆ ಸುಳ್ಳು ಅಂತ ಹೇಳಿ ಬದಿಗಿಡಬಹುದು. ಸಂಬಂಧವಿಲ್ಲದ ನಿಜವನ್ನು ಏನು ಮಾಡುತ್ತೀರಿ? ಅದನ್ನು ಅಲ್ಲಗಳೆದರೆ ನೀವೇ ಕೃತಘ್ನರಾಗುತ್ತೀರಿ. ವಾದ ಹಾದಿ ತಪ್ಪುವುದು ಹೆಚ್ಚಾಗಿ ಇಂಥ ನಿಜಗಳಿಂದಲೇ.

ಅಧ್ಯಾತ್ಮ ಇಂದ್ರಿಯಾತೀತ ಅನ್ನುವ ಮಾತೂ ಅಷ್ಟೇ. ಇರಬಹುದು, ನಾನು ಬೇಡ ಅನ್ನುವುದಿಲ್ಲ. ಆದರೆ ಅಂಗೈಗೆ ಬಂದು ಬಿದ್ದ ಉಂಗುರ ಇಂದ್ರಿಯಾತೀತ ಅಲ್ಲವಲ್ಲ. ಅಕ್ಕಸಾಲಿ ಅದನ್ನು ಒರೆಗಲ್ಲಿಗೆ ಹಚ್ಚಬಲ್ಲ, ತಕ್ಕಡಿಯಲ್ಲಿಟ್ಟು ತೂಗಬಲ್ಲ.

ಇನ್ನೊಂದು ಕಡೆಯವರನ್ನೂ ಬಿಡುವಂತಿಲ್ಲ. ಸಮಿತಿಯ ಹೆಸರಿನಲ್ಲೇ 'ಮೂಢನಂಬಿಕೆ' ಅಂತ ಸೇರಿಸಿದ್ದು ಪರೀಕ್ಷೆಗೆ ಮುಂಚೆ ತೀರ್ಪು ಬರೆದ ಹಾಗೆ. ಜಾದೂಗಾರರು ವೇದಿಕೆಯಲ್ಲಿ ವಿಭೂತಿ ತೆಗೆದು ತೋರಿಸುತ್ತಾರೆ. ಹಾಗೂ ಮಾಡಬಹುದು ಅನ್ನುವುದು ಅದರಿಂದ ತಿಳಿಯುತ್ತದೆಯೇ ಹೊರತು ಹಾಗೇ ಮಾಡಿದರು ಅಂತ ಆಗುವುದಿಲ್ಲ. ಪತ್ರಕ್ಕೆ ಉತ್ತರ ಕೊಡದಿದ್ದದ್ದೇ ಮೋಸಕ್ಕೆ ಬಲವಾದ ಸೂಚನೆ ಅಂತ ಎಚ್ಚೆನ್ ಭಾವಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಇಲ್ಲಿ ನೆನಪಾಗದೆ ಇರದು. ಆದರೆ ಗಾದೆ ಪುರಾವೆ ಅಲ್ಲ. ಪರೀಕ್ಷೆ ನಡೆಯದಿದ್ದರೆ ಫಲಿತಾಂಶವೂ ಇಲ್ಲ. ಹೇಳಿದವರು ತೋರಿಸಿಲ್ಲ, ಆದ್ದರಿಂದ ನಾವು ಒಪ್ಪಬೇಕಾಗಿಲ್ಲ ಅನ್ನಬಹುದು, ಅಷ್ಟಕ್ಕೇ ನಿಲ್ಲಬೇಕು. ಐಸ್‌ಲ್ಯಾಂಡಿನ ಮನಶ್ಶಾಸ್ತ್ರಜ್ಞ ಎರ್ಲೆಂಡುರ್ ಹರಾಲ್ಡ್‌ಸನ್ ಬಾಬಾ ಅವರನ್ನು ಕುಹಕದಿಂದ ನೋಡಿದವರಲ್ಲ, ವರ್ಷಗಟ್ಟಲೆ ಬಂದು ಹೋಗಿ ಪುಸ್ತಕ ಬರೆದರು. ಅವರು ಕೇಳಿದರೂ ನಿಯಂತ್ರಿತ ಪ್ರಯೋಗಕ್ಕೆ ಒಪ್ಪಿಗೆ ಸಿಗಲಿಲ್ಲ. ಅಂದಮೇಲೆ ಎಚ್ಚೆನ್ ಕೇಳಿದ ಧಾಟಿಯೇ ಅಡ್ಡಿ ಆಯಿತು ಅನ್ನುವ ವಾದವೂ ಪೂರ್ತಿ ನಿಲ್ಲುವುದಿಲ್ಲ.

ನಮ್ಮ ಹೈದರಾಬಾದಿನಲ್ಲೂ ಇಂಥದ್ದು ಉಂಟು. ಪ್ರತಿ ವರ್ಷ ಜೂನ್ ಮೊದಲ ಭಾಗದಲ್ಲಿ, ಮೃಗಶಿರಾ ಮಳೆ ಹುಟ್ಟುವ ದಿನ, ಬತ್ತಿನಿ ಗೌಡ್ ಮನೆತನದವರು ನಾಂಪಲ್ಲಿ ಎಕ್ಸಿಬಿಷನ್ ಮೈದಾನದಲ್ಲಿ ಅಸ್ತಮಾ ಇರುವವರಿಗೆ ಮೀನು ಕೊಡುತ್ತಾರೆ. ಇಲ್ಲಿಯವರು ಕೊರ್ರಮೀನು ಅನ್ನುವ ಸಣ್ಣ ಜೀವಂತ ಮೀನು, ಅದರ ಬಾಯೊಳಗೆ ಹಳದಿ ಬಣ್ಣದ ಮುದ್ದೆ, ಹಾಗೇ ನುಂಗಬೇಕು. ದುಡ್ಡು ಮುಟ್ಟುವುದಿಲ್ಲ. 1845ರಿಂದ ನಡೆದು ಬಂದದ್ದು ಅನ್ನುತ್ತಾರೆ. ಮೊದಲು ಇದರ ಹೆಸರು 'ಚೇಪ ಮಂದು', ಅಂದರೆ ಮೀನಿನ ಔಷಧಿ. ಔಷಧಿ ಅಂದಮೇಲೆ ಅದರಲ್ಲಿ ಏನಿದೆ, ಎಷ್ಟು ಜನಕ್ಕೆ ವಾಸಿಯಾಯಿತು ಅಂತ ವಿಚಾರವಾದಿಗಳು ಕೇಳಿದರು, ಕೋರ್ಟಿಗೂ ಹೋದರು. ಈಗ ಅದರ ಹೆಸರು 'ಚೇಪ ಪ್ರಸಾದಂ'. ಮೀನು ಅದೇ, ಮುದ್ದೆ ಅದೇ, ಸಾಲಿನಲ್ಲಿ ನಿಂತ ತಾಯಿಯ ಆಸೆಯೂ ಅದೇ. ಪ್ರಸಾದಕ್ಕೆ ಲೆಕ್ಕ ಕೇಳುವವರು ಯಾರು? ಆದರೆ ಉಸಿರು ಕಟ್ಟುವ ಮಗುವನ್ನು ಎತ್ತಿಕೊಂಡು ರಾತ್ರಿಯೆಲ್ಲ ರೈಲಿನಲ್ಲಿ ಬಂದವರು ಔಷಧಿ ಅಂತಲೇ ಬಂದಿರುತ್ತಾರೆ. ಇದರಿಂದ ಗುಣವಾಗುತ್ತದೋ ಇಲ್ಲವೋ ಎಂದು ತಿಳಿಯುವ ಹಕ್ಕು ಅವರಿಗಿಲ್ಲವೇ?

ಇದೇ ಊರಿನ ಸಿಸಿಎಂಬಿ ಸಂಸ್ಥೆಯ ಸ್ಥಾಪಕ ನಿರ್ದೇಶಕ ಪಿ.ಎಂ. ಭಾರ್ಗವ ಅವರ ಕಥೆ ಇನ್ನೊಂದು. 2001ರಲ್ಲಿ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷ್ಯದ ಕೋರ್ಸು ತೆರೆಯಲು ಹೊರಟಾಗ ಅವರು ಕೋರ್ಟಿಗೆ ಹೋದರು. ಆಂಧ್ರ ಹೈಕೋರ್ಟಿನಲ್ಲಿ ಆಗಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಆಗಲಿಲ್ಲ. ಯಾವ ವಿಷಯ ಕಲಿಸಬೇಕು ಅನ್ನುವುದು ತಜ್ಞ ಸಂಸ್ಥೆಯ ತೀರ್ಮಾನ, ಅದರಲ್ಲಿ ನ್ಯಾಯಾಲಯ ಕೈ ಹಾಕುವುದಿಲ್ಲ ಎಂಬ ಧಾಟಿಯ ತೀರ್ಪು. ನ್ಯಾಯಾಲಯದ ದೃಷ್ಟಿಯಿಂದ ಸರಿಯೇ ಇರಬಹುದು. ಆದರೆ ಜಾತಕ ನೋಡಿ ಹೇಳಿದ್ದು ನಿಜವಾಗುತ್ತದೆಯೇ ಅನ್ನುವ ಮೂಲ ಪ್ರಶ್ನೆ ಎಲ್ಲಿತ್ತೋ ಅಲ್ಲೇ ಉಳಿಯಿತು.

ಆ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವರು ಪುಣೆಯ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್. 2008ರ ಸುಮಾರಿಗೆ, ಚುರುಕು ಬುದ್ಧಿಯ 100 ಮಕ್ಕಳ ಮತ್ತು ಬುದ್ಧಿಮಾಂದ್ಯರಾದ 100 ಮಕ್ಕಳ ಜಾತಕ ಕಲೆಹಾಕಿ, ಯಾವುದು ಯಾರದ್ದು ಅಂತ ಬೇರ್ಪಡಿಸಿ ಎಂದು ಜ್ಯೋತಿಷಿಗಳನ್ನು ಕರೆದರು. ಉತ್ತರ ಕಳಿಸಿದವರು 27 ಮಂದಿ, ತಲಾ 40 ಜಾತಕ. ಸರಿಯಾದ ಉತ್ತರ ಶೇಕಡಾ 46. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತಿತ್ತು. ಯಾರನ್ನೂ ಬೈಯಲಿಲ್ಲ, ಯಾರ ಧರ್ಮದ ಸುದ್ದಿಗೂ ಹೋಗಲಿಲ್ಲ. ಇಷ್ಟು ಅಚ್ಚುಕಟ್ಟಾಗಿಯೂ ಈ ಚರ್ಚೆ ಸಾಧ್ಯ.

ಆ ಪ್ರಯೋಗದಲ್ಲಿ ಕೈಜೋಡಿಸಿದ್ದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಎರಡು ವರ್ಷದ ನಂತರ, 2015ರ ಆಗಸ್ಟ್ 30ರಂದು, ನಮ್ಮ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಮನೆ ಬಾಗಿಲಲ್ಲೇ ಕೊಂದರು. ಪ್ರಶ್ನೆಯನ್ನು ಬಿಟ್ಟು ಪ್ರಶ್ನೆ ಕೇಳಿದವರ ಕಡೆ ತಿರುಗುವ ಚಾಳಿ ಎಲ್ಲಿಯವರೆಗೆ ಹೋಗಬಹುದು ನೋಡಿ. ವಾಕಿಂಗಿನಲ್ಲಿ ಮಾತು ತಿರುಗಿಸುವ ನಮ್ಮ ಸ್ನೇಹಿತರಿಗೂ ಆ ಕೊಲೆಗಾರರಿಗೂ ಹೋಲಿಕೆ ಇಲ್ಲ, ಹಾಗನ್ನುವುದು ಅನ್ಯಾಯ. ಆದರೆ 'ಕೇಳಿದ್ದು ಏನು' ಅನ್ನುವುದಕ್ಕಿಂತ 'ಕೇಳೋಕೆ ಇವನ್ಯಾರು' ಅನ್ನುವುದು ಮುಖ್ಯವಾಗುವ ಅಭ್ಯಾಸ ಸಣ್ಣದರಲ್ಲೇ ಶುರುವಾಗುತ್ತದೆ.

ಎಚ್ಚೆನ್ 2005ರ ಜನವರಿಯಲ್ಲಿ ತೀರಿಕೊಂಡರು, ಬಾಬಾ 2011ರ ಏಪ್ರಿಲ್‌ನಲ್ಲಿ, ಭಾರ್ಗವ 2017ರಲ್ಲಿ. ಉಂಗುರದ ಪರೀಕ್ಷೆ ಇನ್ನು ನಡೆಯುವಂತಿಲ್ಲ. ಮೀನಿನ ಪರೀಕ್ಷೆ ಮಾತ್ರ ಇನ್ನೂ ನಡೆಯಬಹುದು. ಮುಂದಿನ ಮೃಗಶಿರಾಕ್ಕೆ ನಿಮ್ಮ ಊರಿನವರು ಯಾರಾದರೂ ಫೋನ್ ಮಾಡಿ "ಅಣ್ಣಾ, ನಾಂಪಲ್ಲಿಗೆ ಹೋಗೋದು ಹೆಂಗ?" ಅಂತ ಕೇಳಿದರೆ ದಾರಿ ಹೇಳಿ, ಊಟಕ್ಕೂ ಕರೆಯಿರಿ. ಆದರೆ ಡಾಕ್ಟರು ಕೊಟ್ಟ ಇನ್‌ಹೇಲರ್ ಮಾತ್ರ ನಿಲ್ಲಿಸಬೇಡಿ ಅಂತ ಹೇಳೋದು ಮರೆಯಬೇಡಿ. ಅವರು ನಂಬಿಕೆ ಬಗ್ಗೆ ವಾದಕ್ಕೆ ಬಂದರೆ ಬರಲಿ, ನೀವು ಇನ್‌ಹೇಲರ್ ವಿಷಯ ಬಿಟ್ಟು ಆಚೆ ಹೋಗಬೇಡಿ. ಏನಂತೀರಿ?